ಭುಜದಾಚೆ ಮೂರು ಬೆರಳು

ರಾತ್ರಿ ಹತ್ತು ದಾಟಿದ ಮೇಲೆ ನಮ್ಮ ಮನೆಯ ಕೆಳಗಿನ ರಸ್ತೆಯಲ್ಲಿ ಟಿಕ್ ಟಿಕ್ ಟಿಕ್ ಎಂದು ಒಂದು ಸಣ್ಣ ಸದ್ದು ಹಾದುಹೋಗುತ್ತಿತ್ತು. ಸೈಕಲ್ಲಿನ ಹಿಂದಿನ ಚಕ್ರದ ಫ್ರೀವೀಲಿನ ಸದ್ದು ಅದು. ತುಳಿಯುವಾಗ ಸುಮ್ಮನಿರುತ್ತದೆ, ತುಳಿಯದೆ ಉರುಳಿದಾಗ ಮಾತ್ರ ಟಿಕ್‌ಗುಟ್ಟುತ್ತದೆ. ಇಳಿಜಾರೇ ಇಲ್ಲದ ರಸ್ತೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ, ನಡೆಯುವವರ ವೇಗದಲ್ಲಿ, ಆ ಸದ್ದು ಹೋಗುತ್ತಿತ್ತೆಂದರೆ ಯಾರೋ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದಾರೆ ಎಂದರ್ಥ. ಒಂದು ದಿನವಾದರೆ ಪಂಕ್ಚರ್ ಆಗಿದೆ ಎನ್ನಬಹುದು. ಸತತವಾಗಿ ಹತ್ತು ದಿನ ಯಾರ ಸೈಕಲ್ಲೂ ಪಂಕ್ಚರ್ ಆಗುವುದಿಲ್ಲ.

ಮಲಗುವ ಮುಂಚೆ ಗ್ಯಾಸಿನ ತಿರುಪು, ಬಾಗಿಲ ಚಿಲಕ, ನೀರಿನ ನಲ್ಲಿ ಎಲ್ಲವನ್ನೂ ಎರಡೆರಡು ಸಲ ಮುಟ್ಟಿ ನೋಡಿ, ಆಮೇಲೆ ಕಿಟಕಿಯಿಂದ ರಸ್ತೆಯನ್ನೂ ಒಮ್ಮೆ ನೋಡಿ ಬರುವುದು ನನ್ನ ರೂಢಿ. ರಸ್ತೆಗೂ ಚಿಲಕ ಹಾಕಿ ಬಂದೆಯಾ ಎಂದು ನನ್ನ ಗಂಡ ಹಾಸಿಗೆಯಿಂದಲೇ ಕೇಳುತ್ತಿದ್ದರು. ಹನ್ನೊಂದನೆಯ ರಾತ್ರಿ ಕೆಳಗಿಳಿದು ಹೋಗಿ, ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಹೆಂಗಸನ್ನು ನಿಲ್ಲಿಸಿದೆ.

ಅವರು ನರ್ಸು, ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ರಾತ್ರಿ ಪಾಳಿ. ವಯಸ್ಸು ನಲವತ್ತೇಳು, ನನಗಿಂತ ಒಂಬತ್ತು ವರ್ಷ ದೊಡ್ಡವರು. ಯಾರೋ ಬಳಸಿ ಬಿಟ್ಟ ಸೈಕಲ್ಲನ್ನು ಕೊಂಡುಕೊಂಡು ನಾಲ್ಕು ತಿಂಗಳಾಗಿತ್ತು. ಹತ್ತಲು ಬರುತ್ತಿರಲಿಲ್ಲ. ಹಾಗಾದರೆ ದಿನವೂ ಏಕೆ ತಳ್ಳಿಕೊಂಡು ಹೋಗುತ್ತೀರಿ ಎಂದೆ. ಅವರು ನಗದೆ, ಬಹಳ ಗಂಭೀರವಾಗಿ ಹೇಳಿದರು: "ಅದಕ್ಕೆ ದಾರಿ ತೋರಿಸ್ತಾ ಇದ್ದೀನಿ ಮೇಡಂ. ನನಗಂತೂ ಹತ್ತೋಕೆ ಬರಲ್ಲ, ಅದಕ್ಕಾದ್ರೂ ಹೋಗೋದು ಗೊತ್ತಿರಲಿ."

ನನ್ನ ಕೆಲಸವೇ ಅದು. ದೊಡ್ಡವರಿಗೆ, ಅದರಲ್ಲೂ ಹೆಂಗಸರಿಗೆ, ಸೈಕಲ್ ಕಲಿಸುತ್ತೇನೆ. ಆಸ್ಪತ್ರೆಯ ಹಿಂದೆ ಹಳೆಯ ಆಂಬುಲೆನ್ಸುಗಳು ನಿಲ್ಲುತ್ತಿದ್ದ ಸಿಮೆಂಟಿನ ಅಂಗಳವೊಂದು ಖಾಲಿ ಬಿದ್ದಿದೆ. ಅದನ್ನು ಬಳಸಲು ಆಸ್ಪತ್ರೆಯವರೇ ಅನುಮತಿ ಕೊಟ್ಟು, ತಮ್ಮ ಸಿಬ್ಬಂದಿಗೆ ಕಲಿಸುವವರ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಿದ್ದರು. ಪಟ್ಟಿಯಲ್ಲಿ ಇದ್ದದ್ದು ಅದೊಂದೇ ಹೆಸರು. ಕಲಿಯಲು ಬಂದವರೆಲ್ಲ ನನ್ನನ್ನು ಮೇಷ್ಟ್ರಮ್ಮ ಎನ್ನುತ್ತಿದ್ದರು. ನಾನು ಆ ನರ್ಸನ್ನು, ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವ ಹಾಗೆ, ಸಿಸ್ಟರ್ ಎನ್ನುತ್ತಿದ್ದೆ.

ಸಿಸ್ಟರಿಗೆ ಸೈಕಲ್ ಬೇಕಾಗಿದ್ದದ್ದು ಶೋಕಿಗಲ್ಲ. ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ, ಸೂಜಿ ಚುಚ್ಚಿ ಬರುವ ಹಗಲು ಪಾಳಿಯ ಹುದ್ದೆಯೊಂದು ಆ ವರ್ಷ ಖಾಲಿಯಾಗಲಿತ್ತು. ಆಸ್ಪತ್ರೆಯ ಸೈಕಲ್ಲಿನಲ್ಲೇ ಓಡಾಡಬೇಕು, ಅದಕ್ಕೊಂದು ಪರೀಕ್ಷೆ ಪಾಸು ಮಾಡಬೇಕು. ಅವರ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಹದಿಮೂರು ವರ್ಷದ ಮಗಳೊಬ್ಬಳೇ. ರಾತ್ರಿ ಜೊತೆಗೆ ಮಲಗುತ್ತಿದ್ದ ಚಿಕ್ಕಮ್ಮ ಬೇರೆ ಊರಿಗೆ ಹೋದ ಮೇಲೆ ಆ ಹುಡುಗಿ ಒಳಗಿನಿಂದ ಬೋಲ್ಟು ಹಾಕಿಕೊಂಡು ಒಂಟಿಯಾಗಿ ಮಲಗುತ್ತಿದ್ದಳು. ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ ವಾರ್ಡಿಗೆ ಫೋನು ಮಾಡುತ್ತಿದ್ದಳಂತೆ. ಎರಡಕ್ಕೆ ಫೋನು ಬಂತೆಂದರೆ ಮಗು ಅಲ್ಲಿಯವರೆಗೂ ಕಣ್ಣು ಮುಚ್ಚಿಲ್ಲ ಎಂದು ತಿಳಿದುಕೊಳ್ಳಬೇಕು. ಇದನ್ನು ಹೇಳುವಾಗ ಸಿಸ್ಟರ್ ಹ್ಯಾಂಡಲ್ಲಿನ ರಬ್ಬರನ್ನು ಉಗುರಿನಿಂದ ಕೆರೆಯುತ್ತಿದ್ದರು.

ಮೊದಲ ಭಾನುವಾರ ಅವರ ಸೈಕಲ್ಲಿನ ಎರಡೂ ಪೆಡಲ್ ಬಿಚ್ಚಿದೆ. ಸೀಟು ಇಳಿಸಿ, ಅಂಗಾಲು ಪೂರಾ ನೆಲಕ್ಕೂರುವಂತೆ ಮಾಡಿದೆ. ಈಗ ಇದು ಸೈಕಲ್ಲಲ್ಲ, ಚಕ್ರ ಇರುವ ಬೆಂಚು, ಕೂತು ನಡೆಯಿರಿ ಎಂದೆ. ನಡೆದರು. ನಡಿಗೆ ಉದ್ದವಾಯಿತು, ಮೂರನೆಯ ದಿನ ಎರಡೂ ಕಾಲು ನೆಲ ಬಿಟ್ಟು ಹತ್ತು ಮಾರು ತೇಲಿದರು. ಆಮೇಲೆ ಪೆಡಲ್ ಹಾಕಿ, ಬಲ ಪೆಡಲ್ಲನ್ನು ಗಡಿಯಾರದಲ್ಲಿ ಎರಡು ಗಂಟೆಯ ಜಾಗಕ್ಕೆ ತಂದು, ಒಂದೇ ಗಟ್ಟಿ ತುಳಿತದಲ್ಲಿ ಹೊರಡುವುದನ್ನು ಕಲಿಸಿದೆ. ಬೀಳಬೇಡಿ ಎಂಬ ಮಾತನ್ನು ನಾನು ಅಂಗಳದಲ್ಲಿ ಆಡುವುದಿಲ್ಲ. ಹೆದರಿದವರ ಕಿವಿಗೆ ಆ ಮಾತಿನ ಮೊದಲರ್ಧ ಮಾತ್ರ ತಲುಪುತ್ತದೆ. ದೂರ ನೋಡಿ, ಮೊಣಕೈ ಸಡಿಲ, ಎರಡೂ ಬ್ರೇಕು ಒಟ್ಟಿಗೆ, ಮೆಲ್ಲಗೆ. ಇಷ್ಟೇ ನನ್ನ ಮಾತು. ಆದರೆ ಇಷ್ಟನ್ನೇ ದಿನಕ್ಕೆ ನಾನ್ನೂರು ಸಲ ಆಡುತ್ತೇನೆ. ತಪ್ಪು ಕಂಡ ಮೇಲೆ ಸುಮ್ಮನಿರುವುದು ನನ್ನಿಂದಾಗದು. ಸಿಸ್ಟರ್ ಒಮ್ಮೆ ನೀರು ಕುಡಿಯುತ್ತಾ, ಸೈಕಲ್ಲಿಗೆ ಎರಡು ಬ್ರೇಕಿದೆ, ನಿಮಗೆ ಒಂದೂ ಇಲ್ಲವಲ್ಲ ಮೇಷ್ಟ್ರಮ್ಮ ಎಂದಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವರಿಗೆ ತೊಡಕಾದದ್ದು ಹಿಂದಕ್ಕೆ ತಿರುಗಿ ನೋಡುವುದು. ಬಲಕ್ಕೆ ತಿರುಗುವ ಮುಂಚೆ ಹಿಂದೆ ವಾಹನ ಬರುತ್ತಿದೆಯೇ ಎಂದು ಭುಜದ ಮೇಲಿಂದ ನೋಡಬೇಕು. ಕಲಿಯುವವರು ತಲೆ ತಿರುಗಿಸಿದರೆ ಭುಜ ತಿರುಗುತ್ತದೆ, ಭುಜದ ಜೊತೆ ಕೈ, ಕೈಯ ಜೊತೆ ಹ್ಯಾಂಡಲ್. ಸೈಕಲ್ಲು ನೋಡಿದ ಕಡೆಗೇ ಹೋಗುತ್ತದೆ. ಇದಕ್ಕೊಂದು ಹಳೆಯ ಅಭ್ಯಾಸವಿದೆ. ಕಲಿಸುವವರು ಹಿಂದೆ ನಿಂತು ಕೆಲವು ಬೆರಳು ಎತ್ತಿ ಹಿಡಿಯಬೇಕು, ಓಡಿಸುವವರು ನೆಲದಲ್ಲಿ ಎಳೆದ ಗೆರೆಯ ಮೇಲೇ ಹೋಗುತ್ತಾ ತಿರುಗಿ ನೋಡಿ, ಎಷ್ಟು ಬೆರಳು ಎಂದು ಕೂಗಿ ಹೇಳಬೇಕು. ಯಾವಾಗ ತಿರುಗಬೇಕು ಎಂಬುದನ್ನು ಓಡಿಸುವವರೇ ಆರಿಸಿಕೊಳ್ಳಬೇಕು. ನಾನು ತರಬೇತಿ ಪಡೆದಾಗ ಇದನ್ನು ಒತ್ತಿ ಹೇಳಿದ್ದರು.

ಸಿಸ್ಟರ್ ತಾವಾಗಿ ತಿರುಗುತ್ತಲೇ ಇರಲಿಲ್ಲ. ಅಂಗಳದ ಕೊನೆ ಬರುತ್ತಿತ್ತು, ಅವರ ಕುತ್ತಿಗೆ ಮರದ ತುಂಡಿನಂತೆ ನೆಟ್ಟಗೇ ಇರುತ್ತಿತ್ತು. ಪರೀಕ್ಷೆಗೆ ಮೂರು ವಾರವಿತ್ತು. ನನಗೆ ತಡೆಯಲಾಗಲಿಲ್ಲ, ಕೂಗಿಬಿಟ್ಟೆ. "ಸಿಸ್ಟರ್!" ತಟ್ಟನೆ ತಿರುಗಿದರು. "ಮೂರು" ಎಂದರು. ನಾನು ಎತ್ತಿದ್ದದ್ದು ಮೂರೇ, ಸೈಕಲ್ಲು ಗೆರೆ ಬಿಟ್ಟಿರಲಿಲ್ಲ. ಅಂದಿನಿಂದ ಅದೇ ಪದ್ಧತಿಯಾಯಿತು. ನಾನು ಕೂಗುವುದು, ಅವರು ತಿರುಗುವುದು. ಬೆಳಿಗ್ಗೆ ಪಾಳಿ ಮುಗಿಸಿ ಬಂದು, ಕಣ್ಣ ಕೆಳಗೆ ಕಪ್ಪಾಗಿದ್ದರೂ, ನಾನು ಕರೆದರೆ ಸಾಕು, ಗಲ್ಲ ಭುಜಕ್ಕೆ ತಾಗುತ್ತಿತ್ತು. ನಾನು ಹಿಗ್ಗಿಹೋದೆ. ಅವರು ಕಲಿತದ್ದು ಹಿಂದೆ ನೋಡುವುದನ್ನಲ್ಲ, ನನ್ನ ದನಿಗೆ ತಿರುಗುವುದನ್ನು. ಅದು ಆಗ ನನಗೆ ಹೊಳೆಯಲಿಲ್ಲ ಎಂದರೆ ಅರ್ಧ ನಿಜ. ಹೊಳೆದಿತ್ತು, ಪರೀಕ್ಷೆ ಮುಗಿಯಲಿ, ಆಮೇಲೆ ಸರಿಪಡಿಸೋಣ ಎಂದುಕೊಂಡೆ.

ಪರೀಕ್ಷೆ ನಡೆಸುವವರು ಆಸ್ಪತ್ರೆಯ ವಾಹನ ವಿಭಾಗದ ಮೇಲ್ವಿಚಾರಕರು. ಕೊರಳಲ್ಲಿ ಸದಾ ಒಂದು ವಿಸಲ್ ನೇತಾಡುತ್ತಿದ್ದುದರಿಂದ ಎಲ್ಲರೂ ಅವರನ್ನು ವಿಸಲ್ ಸಾಹೇಬರು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯರೇ, ಆದರೆ ಕಾಗದದ ಮನುಷ್ಯರು. ನಿಯಮಗಳ ಹಾಳೆಯನ್ನು ನನಗೂ ಒಂದು ಕೊಟ್ಟಿದ್ದರು. ಔಷಧಿಯ ಚೀಲವನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಆಸ್ಪತ್ರೆಯ ಸುತ್ತಿನ ರಸ್ತೆಯಲ್ಲಿ ಒಂದು ಸುತ್ತು ಬರಬೇಕು. ಕೊನೆಯ ಗೆರೆ ಮುಟ್ಟುವ ಮುಂಚೆ ಕಾಲು ನೆಲಕ್ಕೆ ತಗುಲಿದರೆ ಫೇಲು, ಮತ್ತೆ ಮುಂದಿನ ವರ್ಷ. ಕಲಿಸಿದವರು ಆ ರಸ್ತೆಯಲ್ಲಿ ಇರಕೂಡದು. ಹೊರಗಿನವರಿಂದ ಅಡ್ಡಿಯಾದರೆ, ಎರಡು ದಿನದೊಳಗೆ ಅರ್ಜಿ ಕೊಟ್ಟಲ್ಲಿ ಇನ್ನೊಮ್ಮೆ ಪರೀಕ್ಷೆ. ಅಡ್ಡಿ ಮಾಡಿದವರು ಕಲಿಸಿದವರೇ ಆಗಿದ್ದರೆ ಅವರನ್ನು ಪಟ್ಟಿಯಿಂದ ತೆಗೆಯಲಾಗುವುದು.

ನಾನು ಹೋದೆ. ಮನೆಯಲ್ಲಿ ಕೂತಿರಲು ಆಗಲಿಲ್ಲ ಎನ್ನುವುದನ್ನು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದ ಗೋಡೆಯ ಮಗ್ಗುಲಲ್ಲಿ ನಿಂತೆ. ಒಳಗೆ ಯಂತ್ರಗಳು ಗುಡುಗುತ್ತಿದ್ದವು. ವಿಸಲ್ ಸಾಹೇಬರು ಬಹಳ ಮುಂದೆ, ತಿರುವಿನಲ್ಲಿ ಒಂದು ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಕೂತಿದ್ದರು. ಸಿಸ್ಟರ್ ನನ್ನ ಮುಂದೆಯೇ ಹಾದುಹೋದರು, ನನ್ನನ್ನು ಗಮನಿಸಲಿಲ್ಲ. ದೃಷ್ಟಿ ದೂರಕ್ಕಿತ್ತು, ಮೊಣಕೈ ಸಡಿಲವಾಗಿತ್ತು. ನಾನು ಕಲಿಸಿದವರಲ್ಲಿ ಅಷ್ಟು ಚೆನ್ನಾಗಿ ಓಡಿಸಿದವರನ್ನು ನಾನು ನೋಡಿಯೇ ಇಲ್ಲ.

ಆಗ ಅದು ಕಣ್ಣಿಗೆ ಬಿತ್ತು. ಚೀಲದ ಹೆಗಲುಪಟ್ಟಿ ಒಂದು ಬದಿ ಕಳಚಿಕೊಂಡು, ಹಿಂದಿನ ಚಕ್ರದ ಪಕ್ಕದಲ್ಲಿ ತೂಗಾಡುತ್ತಿತ್ತು. ಕಡ್ಡಿಗಳಿಗೆ ಸಿಕ್ಕಿದರೆ ಚಕ್ರ ನಿಂತೇಹೋಗುತ್ತದೆ, ಸವಾರರು ಮುಗ್ಗರಿಸುತ್ತಾರೆ. ಹಾಗೆ ಬಿದ್ದು ಹಲ್ಲು ಮುರಿದುಕೊಂಡ ಒಬ್ಬರನ್ನು ನಾನು ನೋಡಿದ್ದೇನೆ. ಯೋಚಿಸಲಿಲ್ಲ.

"ಸಿಸ್ಟರ್!"

ಅವರು ತಿರುಗಿದರು. ಕಲಿಸಿದಂತೆಯೇ, ಗಲ್ಲ ಭುಜಕ್ಕೆ ತಾಗುವಂತೆ. ಅವರ ತುಟಿ ಅಲ್ಲಾಡಿತು. ಆ ಯಂತ್ರಗಳ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಕ್ಯಾರಿಯರಿನಲ್ಲಿ ಭಾರದ ಚೀಲವಿಟ್ಟುಕೊಂಡು ತಿರುಗುವುದನ್ನು ನಾವು ಅಭ್ಯಾಸ ಮಾಡಿರಲಿಲ್ಲ. ಸೈಕಲ್ಲಿನ ಹಿಂಭಾಗ ಒಮ್ಮೆ ಓಲಾಡಿತು, ಮುಂದಿನ ಚಕ್ರ ಕಾಲುದಾರಿಯ ಕಲ್ಲಿಗೆ ತಗುಲಿತು. ಅವರು ಬೀಳಲಿಲ್ಲ. ಎಡಗಾಲು ಊರಿ ನಿಂತರು. ಸೈಕಲ್ಲು ಮಾತ್ರ ವಾಲಿ ಮಲಗಿತು. ಅದು ಮಲಗಿದಾಗ ನೋಡಿದೆ. ಪಟ್ಟಿ ಬಹಳ ಚಿಕ್ಕದು, ಕಡ್ಡಿಗಳಿಗೆ ಅದು ಮುಟ್ಟಲು ಇನ್ನೂ ಒಂದು ಗೇಣು ಬೇಕಿತ್ತು.

ವಿಸಲ್ ಕೂಗಿತು. ಸಾಹೇಬರು ಸ್ಟೂಲಿನಿಂದ ಎದ್ದು ಬರತೊಡಗಿದರು. ನಾನು ಏನು ಮಾಡಿದೆ ಎಂಬುದನ್ನು ಮೆತ್ತಗೆ ಹೇಳುವ ಪದಗಳನ್ನು ಹುಡುಕಿದ್ದೇನೆ, ಸಿಕ್ಕಿಲ್ಲ. ಗೋಡೆಯ ಹಿಂದಕ್ಕೆ ಸರಿದೆ. ಅಲ್ಲಿಂದ ಹಿಂದಿನ ಓಣಿಯಲ್ಲಿ ಮನೆಗೆ ಬಂದೆ.

ಸಂಜೆ ಫೋನು ಮಾಡಿದೆ. ಕಾಲು ಊರಿಬಿಟ್ಟೆ ಮೇಷ್ಟ್ರಮ್ಮ, ಏನೋ ಯೋಚನೆಗೆ ತಿರುಗಿಬಿಟ್ಟೆ ಎಂದರು. ಅವರ ದನಿಯಲ್ಲಿ ಏನೂ ಇರಲಿಲ್ಲ. ಕೆಲಸ ಹೆಂಗಸರ ವಾರ್ಡಿನ ನರ್ಸೊಬ್ಬರಿಗೆ ಹೋಗುತ್ತದಂತೆ, ಅವರಿಗೆ ಚಿಕ್ಕಂದಿನಿಂದ ಸೈಕಲ್ ಬರುತ್ತದೆ ಎಂದರು. ನಾನು ಕೂಗಿದ್ದು ಅವರಿಗೆ ಕೇಳಿಸಿದೆ, ಆದರೆ ನನ್ನನ್ನು ನೋಡಿಲ್ಲ, ತಮ್ಮ ಭ್ರಮೆ ಎಂದುಕೊಂಡಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಹಾಗೆ ತೀರ್ಮಾನಿಸುವುದು ನನಗೆ ಅನುಕೂಲವಾಗಿತ್ತು. ಪೆಟ್ಟಾಗಿಲ್ಲ ತಾನೇ ಎಂದು ಎರಡು ಸಲ ಕೇಳಿದೆ. ಕೇಳಬೇಕಾದದ್ದನ್ನು ಕೇಳಲಿಲ್ಲ, ಹೇಳಬೇಕಾದದ್ದನ್ನು ಹೇಳಲಿಲ್ಲ.

ಮಾರನೆಯ ದಿನ ಪೂರ್ತಿ ಭಯದಲ್ಲೇ ಕಳೆಯಿತು. ಪಟ್ಟಿಯಿಂದ ಹೆಸರು ಹೋದರೆ ಅಂಗಳ ಹೋಗುತ್ತದೆ, ಅಂಗಳ ಹೋದರೆ ನಾನು ಯಾರು? ನನ್ನ ಗಂಡ, ಸಪ್ಪಗಿದ್ದೀಯಲ್ಲ, ಯಾರಾದರೂ ಬಿದ್ದರಾ ಎಂದರು. ಒಬ್ಬರು ಫೇಲಾದರು ಎಂದೆ. ಮುಂದಿನ ವರ್ಷ ಆಗುತ್ತದೆ ಬಿಡು ಎಂದರು. ಎರಡನೆಯ ದಿನ ಧೈರ್ಯ ಮಾಡಿ ಸಾಹೇಬರಿಗೆ ಪತ್ರ ಬರೆಯಲು ಕೂತೆ. ಬೆಳಿಗ್ಗೆ ಹತ್ತಕ್ಕೆ ಕೂತವಳು. 'ನಾನು ಕೂಗಿದೆ' ಎಂದು ಬರೆದು ಹೊಡೆದು ಹಾಕಿದೆ. 'ಕರೆದೆ' ಎಂದರೆ ಸಾಕೇ? 'ಎಚ್ಚರಿಸಿದೆ' ಎಂದರೆ ಸಮರ್ಥನೆಯಂತೆ ಕಾಣುವುದಿಲ್ಲವೇ? ಚೀಲದ ಹೆಗಲುಪಟ್ಟಿ ಚಿಕ್ಕದಿತ್ತು ಎಂಬುದನ್ನು ಹೇಳಬೇಕೇ, ಬಿಡಬೇಕೇ? ಐದು ಹಾಳೆ ಹರಿದೆ. ಆರನೆಯದನ್ನು ನೀಟಾಗಿ ನಕಲು ಮಾಡಿ, ಮಡಚಿ, ಲಕೋಟೆಗೆ ಹಾಕಿ, ಬಾಗಿಲಿಗೆ ಬೀಗ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡಿ ಹೊರಟೆ. ಕಚೇರಿ ನಾಲ್ಕಕ್ಕೆ ಮುಚ್ಚುತ್ತದೆ. ನಾನು ತಲುಪಿದಾಗ ನಾಲ್ಕು ಹತ್ತು.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ, ಪಾಳಿ ಬದಲಾಗುವ ಹೊತ್ತಿಗೆ, ಸಿಸ್ಟರನ್ನು ಹುಡುಕಿಕೊಂಡು ಹೋದೆ. ವಾರ್ಡಿನ ಪಕ್ಕದ ಬಟ್ಟೆ ಕೋಣೆಯಲ್ಲಿದ್ದರು. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅವುಗಳಲ್ಲಿ ತಲೆದಿಂಬಿನ ಚೀಲ, ಹಸಿರು ಬಟ್ಟೆ, ಬಿಳಿ ಹಾಸುಗಳು. ಆಗ ತಾನೇ ಬಂದ ಬಿಸಿ ಹಾಸುಗಳ ರಾಶಿಯನ್ನು ಒಬ್ಬರೇ ಮಡಚುತ್ತಿದ್ದರು. ನನ್ನನ್ನು ಕಂಡು, ಬಂದಿರಾ ಎಂದರು. ಹಾಸಿನ ಎರಡು ಮೂಲೆಗಳನ್ನು ನನ್ನ ಕೈಗೆ ಕೊಟ್ಟು ಹಿಂದಕ್ಕೆ ಸರಿದರು. ನಾವಿಬ್ಬರೂ ಅದನ್ನು ಬಿಗಿಯಾಗಿ ಎಳೆದುಕೊಂಡು ನಿಂತೆವು.

ನಾನು ಅಲ್ಲಿದ್ದೆ ಸಿಸ್ಟರ್, ಕೂಗಿದ್ದು ನಾನೇ ಎಂದೆ. ಪತ್ರದ ಐದು ಹಾಳೆಗಳಲ್ಲಿ ಹುಡುಕಿದ ಪದಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಅವರು ಹಾಸನ್ನು ಅರ್ಧಕ್ಕೆ ಮಡಚಿ ನನ್ನ ಕಡೆಗೆ ನಡೆದು ಬಂದರು. "ಗೊತ್ತು. ಕೈ ಎತ್ತಿದ್ರಿ, ಮೂರು ಬೆರಳು. ನಾನು ಮೂರು ಅಂತ ಹೇಳಿದೆನಲ್ಲ."

ನಾನು ಬೆರಳು ಎತ್ತಿದ್ದು ನನಗೇ ತಿಳಿದಿರಲಿಲ್ಲ. ಕೂಗಿದ ಕೂಡಲೇ ನನ್ನ ಕೈ ರೂಢಿಯಂತೆ ಮೇಲೆದ್ದಿರಬೇಕು. ಅವರು ನನ್ನನ್ನು ನೋಡಿದ್ದರು. ನಾನು ಗೋಡೆಯ ಹಿಂದೆ ಸರಿದದ್ದನ್ನೂ ನೋಡಿದ್ದರು. ಸಾಹೇಬರು ಬಂದು, ಯಾಕೆ ತಿರುಗಿದಿರಿ ಎಂದು ಕೇಳಿದಾಗ ಏನೋ ಯೋಚನೆ ಬಂತು ಎಂದಿದ್ದರು.

ಹಾಗಾದರೆ ಅರ್ಜಿ ಏಕೆ ಕೊಡಲಿಲ್ಲ ಎಂದು ಕೇಳಿದೆ.  ಅವರು ಇನ್ನೊಂದು ಹಾಸನ್ನು ಕೊಡವಿ ಎರಡು ಮೂಲೆ ನನ್ನ ಕೈಗೆ ಕೊಟ್ಟರು.

"ನೀವು ಬಂದು ಹೇಳ್ತೀರಿ ಅಂತ ಕಾದೆ. ನಾನು ಹೇಳಿದ್ರೆ ದೂರು ಕೊಟ್ಟ ಹಾಗೆ. ನೀವು ಹೇಳಿದ್ರೆ ಬೇರೆ. ಮೊದಲನೇ ದಿನ ಬರ್ಲಿಲ್ಲ. ನಿನ್ನೆ ನಾಲ್ಕರ ತನಕ ಕಚೇರಿ ಮುಂದೆನೇ ಕೂತಿದ್ದೆ."

ನಾಲ್ಕು ಹತ್ತಕ್ಕೆ ನಾನು ಬಂದಿದ್ದೆ ಎಂದು ಹೇಳಲಿಲ್ಲ. ಹೇಳಿದ್ದರೆ ಅದು ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು. ಈಗಲೇ ಹೋಗಿ ಸಾಹೇಬರಿಗೆ ಎಲ್ಲ ಹೇಳುತ್ತೇನೆ ಎಂದೆ. ನಿಯಮ ಮೀರಿದರೂ ಕೇಳಿ ನೋಡೋಣ, ಅವರಿಗೂ ಮನೆಯಿದೆ, ಮಕ್ಕಳಿದ್ದಾರೆ ಎಂದೆ.

ಸಿಸ್ಟರ್ ಹಾಸಿನ ಅಂಚುಗಳನ್ನು ಸರಿಮಾಡಿದರು. ಆಮೇಲೆ ನಿಧಾನವಾಗಿ, ಸಿಟ್ಟಿಲ್ಲದೆ ಹೇಳಿದರು. "ಆ ನರ್ಸಿಗೆ ನಿನ್ನೆ ಸಂಜೆನೇ ಆರ್ಡರ್ ಕೊಟ್ಟಾಯ್ತು. ಈಗ ಹೇಳಿದ್ರೆ ನಿಮ್ಮ ಎದೆ ಹಗುರ ಆಗುತ್ತೆ ಮೇಷ್ಟ್ರಮ್ಮ. ನನ್ನ ಪಾಳಿ ಬದಲಾಗುತ್ತಾ?"

ನಾನು ರಾಶಿಯಿಂದ ಒಂದು ಹಾಸು ತೆಗೆದು ಮಡಚತೊಡಗಿದೆ.

ಅವರ ವಾರ್ಡಿನ ಐದು ಆಯಾಗಳು ಸೋಮವಾರದಿಂದ ನನ್ನಲ್ಲಿಗೆ ಬರುವವರಿದ್ದರು. ಮನೆಮನೆಯ ಕೆಲಸಕ್ಕೆ ಸಹಾಯಕರಾಗಲು ಮುಂದಿನ ವರ್ಷ ಅವರಿಗೂ ಪರೀಕ್ಷೆ. ಅವರಲ್ಲಿ ಇಬ್ಬರ ಮನೆಯಲ್ಲಿ ತೊಟ್ಟಿಲ ಕೂಸುಗಳಿವೆ ಎಂದು ಸಿಸ್ಟರ್ ಹೇಳಿದರು. ನಿಮ್ಮನ್ನು ತೆಗೆದರೆ ಅಂಗಳಕ್ಕೆ ಬೀಗ, ಅವರಿಗೆ ಕಲಿಸುವವರು ಯಾರೂ ಇಲ್ಲ. ಸಾಹೇಬರಿಗೆ ನಾನು ಹೇಳಿದ್ದನ್ನೇ ಮಗಳಿಗೂ ಹೇಳಿದ್ದೇನೆ, ಅದು ಹಾಗೇ ಇರಲಿ ಎಂದರು. ಕೊನೆಯದಾಗಿ, ಹಾಸನ್ನು ಕಪಾಟಿಗೆ ಇಡುತ್ತಾ, ನನ್ನ ಕಡೆ ನೋಡದೆ ಹೇಳಿದರು: "ಅವರಿಗೆ ಹಾಗೆ ಕೂಗಬೇಡಿ."

ನೀವೂ ಬನ್ನಿ, ಮತ್ತೆ ಅಭ್ಯಾಸ ಮಾಡೋಣ, ಒಂದು ವರ್ಷವೆಂದರೆ ಎಷ್ಟು ಹೊತ್ತು ಎಂದೆ. ನೋಡೋಣ ಎಂದರು. ಮಗಳು ನಿನ್ನೆ ರಾತ್ರಿಯೂ ಎರಡಕ್ಕೆ ಫೋನು ಮಾಡಿದ್ದಳು, ಮನೆಗೆ ಹೋಗಿ ಅವಳನ್ನು ಎಬ್ಬಿಸಿ ಶಾಲೆಗೆ ಕಳಿಸಬೇಕು ಎಂದು ಚೀಲ ಹೆಗಲಿಗೆ ಹಾಕಿಕೊಂಡರು. ನಾನು ಮಡಚಿದ ಹಾಸು ಸೊಟ್ಟವಾಗಿತ್ತು. ಹೋಗುವ ಮುಂಚೆ ಅದನ್ನು ತೆಗೆದು, ಬಿಚ್ಚಿ, ಸರಿಯಾಗಿ ಮಡಚಿಟ್ಟರು. 

ಹೊರಗೆ ಹೋಗುವ ದಾರಿ ವಾಹನ ವಿಭಾಗದ ಮುಂದೆಯೇ. ಬಾಗಿಲು ತೆರೆದಿತ್ತು. ಸಾಹೇಬರು ಮೇಜಿನ ಧೂಳನ್ನು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು, ಏನು ಮೇಡಂ ಇಷ್ಟು ಬೇಗ, ಪಾಪ ನಿಮ್ಮ ಸಿಸ್ಟರ್ ಚೆನ್ನಾಗಿಯೇ ಓಡಿಸುತ್ತಿದ್ದರು, ಅದೇನು ಕಂಡು ಹಾಗೆ ತಿರುಗಿದರೋ, ನಿಮಗೇನಾದರೂ ಹೇಳಿದರಾ ಎಂದು ಕೇಳಿದರು. ಕೇಳಿ, ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಕಾದರು.

ಲಕೋಟೆ ನನ್ನ ಕೈಚೀಲದಲ್ಲಿತ್ತು. ಸಿಸ್ಟರ್ ಬೇಡವೆಂದರು, ಆಯಾಗಳಿಗಾಗಿ ಸುಮ್ಮನಿದ್ದೆ ಎಂದು ನಾನು ಹೇಳಿಕೊಳ್ಳಬಹುದು. ಆದರೆ ಆ ಬಾಗಿಲಲ್ಲಿ ನಿಂತಾಗ ನನಗೆ ಎಲ್ಲಕ್ಕಿಂತ ಮೊದಲು ಆದದ್ದು ನಿರಾಳ, ಆಮೇಲೆ ಆ ನಿರಾಳಕ್ಕಾಗಿ ನಾಚಿಕೆ. ಇದನ್ನು ಈ ಮನುಷ್ಯರಿಗಾಗಲಿ, ಮನೆಯಲ್ಲಿ ಗಂಡನಿಗಾಗಲಿ, ಸೋಮವಾರ ಬರುವ ಆ ಐವರಿಗಾಗಲಿ ಎಂದೂ ಹೇಳುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಏನೂ ಹೇಳಲಿಲ್ಲ ಸಾರ್ ಎಂದೆ. ಸೋಮವಾರಕ್ಕೆ ಅಂಗಳದ ಬೀಗದಕೈ ಬೇಕಿತ್ತು ಎಂದೆ. ಅವರು ಮೇಜಿನ ಡ್ರಾಯರು ಎಳೆದು ಹುಡುಕತೊಡಗಿದರು.